ಸೆನ್ಸರ್ ಬದಲಿಸಿದರೂ ಮತ್ತೆ ಹತ್ತಿದ ಇಂಜಿನ್ ದೀಪ

ವಾಹನ ಪ್ರಶ್ನೋತ್ತರ

ಪ್ರಶ್ನೆ: ಐದು ತಿಂಗಳ ಹಿಂದೆ ಕಲಬುರಗಿಯಲ್ಲಿ 2015ರ ಮಾಡೆಲಿನ, ಮೂರು ಸಿಲಿಂಡರಿನ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಆಗ ಮೀಟರಿನಲ್ಲಿ 84 ಸಾವಿರ ಕಿಲೋಮೀಟರ್ ಇತ್ತು. ಹದಿನೈದೇ ದಿನಕ್ಕೆ ಮೀಟರ್ ಬೋರ್ಡಿನಲ್ಲಿ ಹಳದಿ ಇಂಜಿನ್ ದೀಪ ಹತ್ತಿತು. ಮೊದಲ ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿ, ನಮ್ಮ ಕಡೆಯ ಸಿಮೆಂಟ್ ಧೂಳಿನಿಂದ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ಅದನ್ನು ಬದಲಿಸಿದರು. ದೀಪ ಆರಿತು, ಒಂಬತ್ತನೆಯ ದಿನ ಮತ್ತೆ ಹತ್ತಿತು. ಎರಡನೆಯ ಗ್ಯಾರೇಜಿನವರು ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, 28 ಸಾವಿರ ರೂಪಾಯಿ ಆಗುತ್ತದೆ ಎನ್ನುತ್ತಾರೆ. ಅವರ ಸ್ಕ್ಯಾನರಿನಲ್ಲಿ ಕಂಡದ್ದು ಪಿ0171 ಎಂಬ ಒಂದೇ ಕೋಡ್. ಲೀಟರಿಗೆ 18 ಇದ್ದ ಮೈಲೇಜ್ 15ಕ್ಕೆ ಇಳಿದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ಟಿನ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತದೆ, ಗಾಡಿ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಐಡಲಿಂಗ್, ಅಂದರೆ ಗಾಡಿ ನಿಂತಿರುವಾಗ ಇಂಜಿನ್ ಸುತ್ತುವ ವೇಗ, ಎಂದಿನಷ್ಟೇ ಇದೆ. ಪೆಟ್ರೋಲಿನಲ್ಲಿ ಎಥನಾಲ್ ಹೆಚ್ಚಿದ್ದರಿಂದ ಹೀಗಾಗಿದೆ ಎಂದು ಸ್ನೇಹಿತರು ಹೇಳುತ್ತಾರೆ. ಕನ್ವರ್ಟರ್ ಹಾಕಿಸಲೇಬೇಕೆ? ಅಲ್ಲಿಯವರೆಗೆ ದಿನವೂ ಕಲಬುರಗಿಗೆ ಓಡಾಡಬಹುದೆ?
— ಸೇಡಂನ ಓದುಗರು

ಉತ್ತರ: ಕನ್ವರ್ಟರಿಗೆ ಸದ್ಯ ಒಂದು ರೂಪಾಯಿಯನ್ನೂ ಕೊಡಬೇಡಿ. ಕನ್ವರ್ಟರ್ ತನ್ನ ಕೆಲಸ ಮಾಡುತ್ತಿಲ್ಲವೆಂದು ಇಂಜಿನ್ನಿನ ಕಂಪ್ಯೂಟರಿಗೆ ಅನ್ನಿಸಿದರೆ ಬರುವ ಕೋಡ್ ಪಿ0420. ನೀವು ಬರೆದುಕೊಂಡಿರುವುದು ಪಿ0171. ಸುಟ್ಟ ಹೊಗೆಯಲ್ಲಿ ಆಕ್ಸಿಜನ್ ಹೆಚ್ಚಾಗಿ ಕಾಣುತ್ತಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರುತ್ತಿಲ್ಲ, ಎಷ್ಟು ಹೆಚ್ಚಿಗೆ ಕೊಟ್ಟರೂ ಸರಿಹೋಗುತ್ತಿಲ್ಲ ಎಂಬುದು ಈ ಕೋಡಿನ ಅರ್ಥ. ಯಾವ ಭಾಗ ಕೆಟ್ಟಿದೆಯೆಂದು ಕೋಡ್ ಹೇಳುವುದಿಲ್ಲ, ಕಂಪ್ಯೂಟರಿಗೆ ಏನು ಕಂಡಿತು ಎಂಬುದನ್ನಷ್ಟೇ ಹೇಳುತ್ತದೆ. ಆ ಆಕ್ಸಿಜನ್ನನ್ನು ಕಂಡು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಿದ್ದು ಆಕ್ಸಿಜನ್ ಸೆನ್ಸರ್. ಕಳ್ಳ ಬಂದನೆಂದು ಕೂಗಿದ ತಳವಾರನನ್ನೇ ಕೆಲಸದಿಂದ ತೆಗೆದ ಹಾಗೆ, ನಿಮ್ಮ ಮೊದಲ ಗ್ಯಾರೇಜಿನವರು ಆ ಸೆನ್ಸರನ್ನೇ ತೆಗೆದುಹಾಕಿದ್ದಾರೆ.

ಹಾಗಾದರೆ ದೀಪ ಆರಿದ್ದೇಕೆ ಎಂದು ನೀವು ಕೇಳಬಹುದು. ಸೆನ್ಸರ್ ಹಾಕಿದ ಮೇಲೆ ಅವರು ಸ್ಕ್ಯಾನರಿನಿಂದ ಕೋಡನ್ನು ಅಳಿಸಿರುತ್ತಾರೆ. ಕೋಡ್ ಅಳಿಸಿದರೆ ಸೆನ್ಸರ್ ಬದಲಿಸದಿದ್ದರೂ ದೀಪ ಆರುತ್ತದೆ. ಜೊತೆಗೆ, ಎಷ್ಟು ಪೆಟ್ರೋಲ್ ಹೆಚ್ಚಿಗೆ ಕೊಡಬೇಕೆಂದು ಕಂಪ್ಯೂಟರ್ ಅಷ್ಟು ದಿನ ಕಲಿತಿಟ್ಟುಕೊಂಡ ಲೆಕ್ಕವೂ ಸೊನ್ನೆಗೆ ಬರುತ್ತದೆ. ಅದು ಮತ್ತೆ ಮೊದಲಿನಿಂದ ಕಲಿತು, ತನ್ನ ಮಿತಿಯನ್ನು ಮುಟ್ಟಿ, ಅದೇ ದೋಷವನ್ನು ಒಂದಕ್ಕಿಂತ ಹೆಚ್ಚು ಓಡಾಟದಲ್ಲಿ ಕಂಡ ಮೇಲೆಯೇ ದೀಪ ಹತ್ತಿಸುತ್ತದೆ. ನಿಮ್ಮ ಒಂಬತ್ತು ದಿನ ಹೋದದ್ದು ಹೀಗೆ. ಸಿಮೆಂಟ್ ಧೂಳಿನ ಮಾತನ್ನೂ ನಾನು ಒಪ್ಪುವುದಿಲ್ಲ. ಸೇಡಂ ಭಾಗದಲ್ಲಿ ಧೂಳಿಗೆ ಬರವಿಲ್ಲವೆಂಬುದು ನಿಜ, ಆದರೆ ಆ ಧೂಳು ಏರ್ ಫಿಲ್ಟರಿನಲ್ಲಿ ನಿಲ್ಲುತ್ತದೆ. ಆಕ್ಸಿಜನ್ ಸೆನ್ಸರ್ ಇರುವುದು ಸೈಲೆನ್ಸರ್ ಕಡೆಯ ಪೈಪಿನಲ್ಲಿ. ಅದನ್ನು ಕೆಡಿಸುವುದು ಇಂಜಿನ್ ಸುಡುವ ಆಯಿಲ್, ಒಳಗೆ ಸೋರಿದ ಕೂಲಂಟ್, ಸಿಕ್ಕಲ್ಲೆಲ್ಲ ಬಳಿದ ಸಿಲಿಕೋನ್ ಪೇಸ್ಟ್.

ಎಥನಾಲಿನ ವಿಚಾರಕ್ಕೆ ಸ್ವಲ್ಪ ಲೆಕ್ಕ ಹಾಕೋಣ. ಒಂದು ಕೆಜಿ ಶುದ್ಧ ಪೆಟ್ರೋಲ್ ಸುಡಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಶೇಕಡಾ 10ರ ಮಿಶ್ರಣದಿಂದ 20ರ ಮಿಶ್ರಣಕ್ಕೆ ಹೋದಾಗ ಕಂಪ್ಯೂಟರ್ ಶೇಕಡಾ 4ರಷ್ಟು ಹೆಚ್ಚು ಇಂಧನ ಕೊಡಬೇಕಾಗುತ್ತದೆ, ಮೈಲೇಜೂ ಶೇಕಡಾ ಮೂರು ನಾಲ್ಕರಷ್ಟು ತಗ್ಗುತ್ತದೆ. ಪಿ0171 ಬರುವುದು ಸಾಮಾನ್ಯವಾಗಿ ಈ ತಿದ್ದುಪಡಿ ಶೇಕಡಾ 20 ದಾಟಿದಾಗ, ನಿಮ್ಮ ಮೈಲೇಜ್ ಇಳಿದಿರುವುದು ಶೇಕಡಾ 16ಕ್ಕೂ ಹೆಚ್ಚು. ಎಥನಾಲ್ ಒಂದರಿಂದಲೇ ಇಷ್ಟಾಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮೈಲೇಜ್ ಮತ್ತು ಆ ಟಿಕ್ ಟಿಕ್ ಸದ್ದು. ಇಂಜಿನ್ನಿಗೆ ನಿಜವಾಗಿಯೇ ಪೆಟ್ರೋಲ್ ಕಡಿಮೆ ಸೇರುತ್ತಿದ್ದು, ಕಂಪ್ಯೂಟರ್ ಅದನ್ನು ಹೆಚ್ಚಿಸಿ ಸರಿದೂಗಿಸುತ್ತಿದ್ದರೆ ಮೈಲೇಜ್ ಇಷ್ಟೊಂದು ಬೀಳಬಾರದು. ಮೈಲೇಜ್ ಬಿದ್ದಿದೆಯೆಂದರೆ ಬೇಡದ ಪೆಟ್ರೋಲ್ ಒಳಗೆ ಹೋಗುತ್ತಿದೆ ಎಂದಾಯಿತು. ಪೆಟ್ರೋಲ್ ಸಾಲದೆಂಬ ಕೋಡ್ ಬರುವುದು, ಮೈಲೇಜ್ ಬೀಳುವುದು, ಈ ಎರಡೂ ಒಟ್ಟಿಗೆ ಆಗುವ ಜಾಗ ಮುಖ್ಯವಾಗಿ ಒಂದು: ಇಂಜಿನ್ ಹೆಡ್ಡಿಗೂ ಆಕ್ಸಿಜನ್ ಸೆನ್ಸರಿಗೂ ನಡುವೆ ಎಲ್ಲೋ ಹೊಗೆಯ ದಾರಿ ಸೋರುತ್ತಿರುವುದು. ಸೈಲೆನ್ಸರ್ ಪೈಪಿನಲ್ಲಿ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಬಡಿತದಲ್ಲಿ ಸೀಳಿನಿಂದ ಹೊಗೆ ಹೊರಗೆ ಚಿಮ್ಮುತ್ತದೆ, ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಆಕ್ಸಿಜನ್ನನ್ನು ಕಂಡ ಸೆನ್ಸರ್, ಪೆಟ್ರೋಲ್ ಸಾಲದೆಂದು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಪಾಪ, ನಂಬಿಕೊಂಡು ಸುರಿಯುತ್ತಲೇ ಇರುತ್ತದೆ. ತಣ್ಣಗಿರುವಾಗ ಸದ್ದು ಜೋರಾಗಿದ್ದು, ಲೋಹ ಬಿಸಿಯಾಗಿ ಹಿಗ್ಗಿ ಸಂದು ಕಿರಿದಾದಂತೆ ಸದ್ದು ತಗ್ಗುವುದು ಈ ಸೋರಿಕೆಯ ಲಕ್ಷಣ.

ಇದನ್ನು ನೀವೇ ನೋಡಬಹುದು. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯ ಬಾನೆಟ್ ಎತ್ತಿ, ಇಂಜಿನ್ ಹೆಡ್ಡಿಗೆ ಹೊಗೆ ಪೈಪ್ ಕೂಡುವ ಜಾಗದ ಮೇಲೆ ಟಾರ್ಚ್ ಬಿಡಿ. ತಗಡಿನ ಹೊದಿಕೆಯ ಅಂಚಿನಲ್ಲಾಗಲಿ, ನಟ್ಟುಗಳ ಸುತ್ತಲಾಗಲಿ, ಗ್ಯಾಸ್ಕೆಟ್ಟಿನ ಗೆರೆಯ ಉದ್ದಕ್ಕಾಗಲಿ ಕಾಡಿಗೆ ಬಳಿದಂತೆ ಒಣ ಮಸಿ ಕಂಡರೆ ಸೋರಿಕೆ ಅಲ್ಲೇ ಇದೆ. ಆಮೇಲೆ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಮಡಿಸಿದ ದಪ್ಪ ಬಟ್ಟೆಯಿಂದ ಸೈಲೆನ್ಸರಿನ ಬಾಯಿಯನ್ನು ಎರಡು ಮೂರು ಸೆಕೆಂಡ್ ಮಾತ್ರ ಒತ್ತಿ ಹಿಡಿಯಲಿ. ಟಿಕ್ ಟಿಕ್ ಸದ್ದು ಆಗ ಜೋರಾದರೆ ಅನುಮಾನ ಉಳಿಯುವುದಿಲ್ಲ. ಪೈಪಿನ ಹತ್ತಿರ ಕೈ ಹಾಕಬೇಡಿ, ಅದು ನಿಮಿಷದೊಳಗೆ ಸುಡುವಷ್ಟು ಕಾಯುತ್ತದೆ.

ಗ್ಯಾರೇಜಿನಲ್ಲಿ ಮಾಡಿಸಬೇಕಾದ ಕೆಲಸ ಇನ್ನೊಂದಿದೆ. ಕೋಡ್ ಅಳಿಸುವ ಮುನ್ನ ಫ್ರೀಜ್ ಫ್ರೇಮ್ ತೆಗೆಸಿ ಬರೆದುಕೊಳ್ಳಿ. ದೋಷ ದಾಖಲಾದ ಕ್ಷಣದಲ್ಲಿ ಇಂಜಿನ್ ಎಷ್ಟು ಸುತ್ತುತ್ತಿತ್ತು, ಗಾಡಿಯ ವೇಗವೆಷ್ಟು, ಕೂಲಂಟ್ ಎಷ್ಟು ಬಿಸಿಯಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ. ವೇಗ ಸೊನ್ನೆ, ಇಂಜಿನ್ 800 ಸುತ್ತು ಎಂದಿದ್ದರೆ ನನ್ನ ಊಹೆಗೆ ಬಲ ಬರುತ್ತದೆ. 80 ಕಿಲೋಮೀಟರ್ ವೇಗದಲ್ಲಿ ರೇಸ್ ಕೊಟ್ಟಾಗ ದಾಖಲಾಗಿದ್ದರೆ ಪೆಟ್ರೋಲಿನ ಒತ್ತಡ ಸಾಲುತ್ತಿಲ್ಲವೆಂದು ಟ್ಯಾಂಕಿನೊಳಗಿನ ಪಂಪ್ ಮತ್ತು ಫಿಲ್ಟರಿನ ಕಡೆ ನೋಡಬೇಕು. ನಂತರ ಅದೇ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ಎಂಬ ಅಂಕಿಯನ್ನು, ಅಂದರೆ ಕಂಪ್ಯೂಟರ್ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚಿಗೆ ಕೊಡುತ್ತಿದೆ ಎಂಬುದನ್ನು, ಮೊದಲು ಐಡಲಿಂಗಿನಲ್ಲಿ, ಆಮೇಲೆ 2500 ಸುತ್ತಿನಲ್ಲಿ ಹಿಡಿದು ನೋಡಲಿ. ಐಡಲಿಂಗಿನಲ್ಲಿ 20ರ ಹತ್ತಿರವಿದ್ದು ರೇಸ್ ಕೊಟ್ಟಾಗ ಐದಾರಕ್ಕೆ ಇಳಿದರೆ ಎಲ್ಲೋ ಗಾಳಿ ಸೇರುತ್ತಿದೆ, ಮೇಲಕ್ಕೆ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ಇಂಟೇಕ್ ಕಡೆಯ ರಬ್ಬರ್ ಪೈಪ್ ಸೀಳಿದರೂ ಗಾಳಿ ಸೇರುತ್ತದೆ ನಿಜ. ಆದರೆ ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅನೇಕವು ಒಳಗಿನ ಒತ್ತಡ ನೋಡಿ ಗಾಳಿಯ ಲೆಕ್ಕ ಹಾಕುವುದರಿಂದ, ಅಂಥ ಸೀಳಿದ್ದರೆ ಮೊದಲು ಐಡಲಿಂಗ್ ಏರುತ್ತದೆ. ನಿಮ್ಮದು ಏರಿಲ್ಲ.

ಹೀಗೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಲಬುರಗಿಯ ಗಂಜ್‌ನಲ್ಲಿ ಬೇಳೆ ಗೋದಾಮಿನ ಮುಂದೆ ರಾತ್ರಿ ನಿಲ್ಲುತ್ತಿದ್ದ ಒಂದು ಕಾರಿಗೆ ಪಿ0135, ಅಂದರೆ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನ ಕೋಡ್ ಬಂದಿತ್ತು. ಎರಡು ಬಾರಿ ಸೆನ್ಸರ್ ಬದಲಿಸಿದ ಮೇಲೆ ಆ ಗಾಡಿ ನನ್ನ ಕಣ್ಣಿಗೆ ಬಿತ್ತು. ಇಂಜಿನ್ನಿನ ಹಿಂಬದಿ ಕೈಹಾಕಿದರೆ ಮೊದಲು ಸಿಕ್ಕಿದ್ದು ಒಂದು ಹಿಡಿ ತೊಗರಿ ಹೊಟ್ಟು, ಅದರಡಿಯಲ್ಲಿ ಇಲಿ ಕಡಿದು ತಾಮ್ರ ಹೊರಬಿದ್ದ ವೈರ್. ಎರಡು ಸೆನ್ಸರುಗಳ ಹಣ ಹೋಗಿತ್ತು, ರಿಪೇರಿಗೆ ಬೇಕಾದದ್ದು ಗೇಣುದ್ದದ ವೈರ್ ಮತ್ತು ಅರ್ಧ ಗಂಟೆ.

ನಿಮ್ಮ ಗಾಡಿಯಲ್ಲಿ ಸೋರಿಕೆ ಖಚಿತವಾದರೆ ಗ್ಯಾಸ್ಕೆಟ್ ಬದಲಿಸಿ, ಕೂಡುವ ಮುಖ ಸಪಾಟಾಗಿದೆಯೇ ಎಂದು ಪಟ್ಟಿ ಇಟ್ಟು ನೋಡಲು ಹೇಳಿ. ಹಳೆಯ ಸ್ಟಡ್ಡುಗಳು ಬಿಚ್ಚುವಾಗ ಮುರಿಯುವುದುಂಟು, ಆದ್ದರಿಂದ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹಾಕಿಡಲಿ. ಪೈಪೇ ಬಿರಿದಿದ್ದರೆ ಖರ್ಚು ಹೆಚ್ಚಾಗುತ್ತದೆ. ಓಡಾಟದ ಬಗ್ಗೆ: ದೀಪ ಮಿಟುಕದೆ ಸ್ಥಿರವಾಗಿ ಉರಿಯುತ್ತಿದ್ದು, ಬಿಸಿಯ ಸೂಚನೆ ಮತ್ತು ಕೆಂಪು ಆಯಿಲ್ ದೀಪ ಇಲ್ಲದಿದ್ದರೆ ಗ್ಯಾರೇಜಿಗೆ ಹೋಗುವವರೆಗೆ ಕೆಲವು ದಿನ ಓಡಿಸಬಹುದು. ಆದರೆ ಸೋರುವ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಗಾಡಿ ನಿಲ್ಲಿಸಿ, ಕಿಟಕಿ ಏರಿಸಿ, ಎಸಿ ಹಾಕಿಕೊಂಡು ಕೂರಬೇಡಿ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಹೆಚ್ಚುವರಿ ಪೆಟ್ರೋಲಿನ ಬಿಸಿಗೆ ಕನ್ವರ್ಟರ್ ನಿಜವಾಗಿಯೂ ಹೋಗಬಹುದು, ಆಗ ಎರಡನೆಯ ಗ್ಯಾರೇಜಿನವರ ಮಾತು ತಡವಾಗಿ ಸತ್ಯವಾಗುತ್ತದೆ.

ಪ್ರಶ್ನೆ: ಹೈದರಾಬಾದಿನಿಂದ ಹಳೆಯ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ಇಂಜಿನ್ ದೀಪ ಹತ್ತಿಲ್ಲ. ಮಾರುವವರು ನಮಗೆ ತೋರಿಸುವ ಮುನ್ನ ಆರಿಸಿರಬಹುದೆಂಬ ಅನುಮಾನವಿದ್ದರೆ ತಿಳಿಯುವುದು ಹೇಗೆ?
— ಬೀದರ್‌ನ ಓದುಗರು

ಉತ್ತರ: ಕೀಲಿ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಮೀಟರ್ ಬೋರ್ಡ್ ನೋಡಿ. ಇಂಜಿನ್ ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀಲಿಗೇ ಹತ್ತದಿದ್ದರೆ ಬಲ್ಬ್ ತೆಗೆದಿದ್ದಾರೆ, ಇಲ್ಲವೇ ಮುಚ್ಚಿದ್ದಾರೆ. ಆಯಿಲ್ ದೀಪ ಆರುವ ಕ್ಷಣದಲ್ಲೇ ಇದೂ ಆರಿದರೆ ಎರಡನ್ನೂ ಒಂದೇ ವೈರಿಗೆ ಕಟ್ಟಿರುವ ಸಾಧ್ಯತೆಯುಂಟು. ಈ ಕೈಚಳಕ ಹೊಸದೇನಲ್ಲ. ಮುಂದಿನದಕ್ಕೆ ಸ್ಕ್ಯಾನರ್ ಬೇಕು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ಓದುವ ಸಣ್ಣ ಬ್ಲೂಟೂತ್ ಸಾಧನವೂ ಸಾಕಾಗುತ್ತದೆ. ಅದರಲ್ಲಿ ಕೋಡ್ ಇಲ್ಲವೆಂದು ಬಂದಾಗ ಸಮಾಧಾನಪಟ್ಟು ತೆಗೆದುಬಿಡಬೇಡಿ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಸಲ ಪೂರ್ತಿ ಬಿಸಿಯಾಗಿದೆ ಎಂಬ ಎರಡು ಅಂಕಿಗಳನ್ನು ನೋಡಿ. ವರ್ಷವಿಡೀ ತೊಂದರೆಯಿಲ್ಲದೆ ಓಡಿದೆಯೆಂದು ಹೇಳುವ ಗಾಡಿಯಲ್ಲಿ ಅದು 12 ಕಿಲೋಮೀಟರ್ ಎಂದು ತೋರಿಸಿದರೆ, ನಿನ್ನೆಯೋ ಇಂದೋ ಅಳಿಸಿದ್ದಾರೆ. ಸ್ವಯಂ ಪರೀಕ್ಷೆಗಳ ಪಟ್ಟಿಯಲ್ಲಿ ಹೆಚ್ಚಿನವು ಅಪೂರ್ಣವೆಂದು ಕಂಡರೂ ಅದೇ ಅರ್ಥ. ಬ್ಯಾಟರಿ ಹೊಸದಾಗಿ ಹಾಕಿಸಿದ್ದರೂ ಹೀಗೆ ಕಾಣಬಹುದು, ಆದ್ದರಿಂದ ಬ್ಯಾಟರಿಯ ಬಿಲ್ ಕೇಳಿ.

ನಮ್ಮ ಭಾಗದವರು ಗಮನಿಸಬೇಕಾದ ಒಂದು ಮಾತು. ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 4, ಅಂದರೆ ಬಿಎಸ್ 4 ನಿಯಮ 2010ರಲ್ಲಿ ಹೈದರಾಬಾದ್ ಸೇರಿದಂತೆ ಕೆಲವೇ ನಗರಗಳಿಗೆ ಬಂದು, ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್ 1ರಿಂದ. ಹಾಗಾಗಿ ಅದಕ್ಕೂ ಹಿಂದೆ ಸಣ್ಣ ಊರುಗಳಲ್ಲಿ ಮಾರಾಟವಾದ ಬಿಎಸ್ 3 ಗಾಡಿಗಳಲ್ಲಿ ಈ ಅಂಕಿಗಳೆಲ್ಲ ಸಿಗದೆ ಹೋಗಬಹುದು. ಅಂಥ ಗಾಡಿಯನ್ನು ಅರ್ಧ ದಿನ ಓಡಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸಿ ನೋಡದೆ ಮುಂಗಡ ಕೊಡಬೇಡಿ.

ಪ್ರಶ್ನೆ: ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು. ಓವರ್‌ಟೇಕ್ ಮಾಡಲು ರೇಸ್ ಕೊಟ್ಟಾಗ ಇಂಜಿನ್ ಮಿಸ್ ಹೊಡೆದು ದೀಪ ಮಿಟುಕುತ್ತದೆ, ನಿಧಾನವಾದರೆ ಮಿಟುಕುವುದು ನಿಲ್ಲುತ್ತದೆ. ಕೋಡ್ ಪಿ0302. ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದರೆ ಸರಿಹೋಗುತ್ತದೆಯೆ?
— ಯಾದಗಿರಿಯ ಓದುಗರು

ಉತ್ತರ: ಇಲ್ಲ. ಟರ್ಮಿನಲ್ ತೆಗೆದರೆ ಎಷ್ಟೋ ಗಾಡಿಗಳಲ್ಲಿ ಕೋಡೂ ಫ್ರೀಜ್ ಫ್ರೇಮೂ ಅಳಿದುಹೋಗುತ್ತವೆ, ಮಿಸ್ ಹಾಗೇ ಇರುತ್ತದೆ. ಮಿಟುಕುವ ದೀಪವನ್ನು ಹಗುರವಾಗಿ ಕಾಣಬೇಡಿ. ಪಿ0302 ಎಂದರೆ ಎರಡನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದರ್ಥ. ಅಲ್ಲಿ ಸುಡದೆ ಉಳಿದ ಪೆಟ್ರೋಲ್ ಕನ್ವರ್ಟರಿನಲ್ಲಿ ಹೋಗಿ ಸುಡುತ್ತಿದೆ, ಅದರೊಳಗಿನ ಸೆರಾಮಿಕ್ ಕರಗುವಷ್ಟು ಬಿಸಿ ಅಲ್ಲಿ ಹುಟ್ಟಬಹುದು. ಮಿಟುಕಿದ ಕೂಡಲೇ ರೇಸ್ ಬಿಡಿ.

ನಿಮ್ಮ ಗಾಡಿಯಲ್ಲಿ ಪ್ರತಿ ಪ್ಲಗ್ಗಿಗೂ ಕಿಡಿಯ ವಿದ್ಯುತ್ ಕೊಡುವ ಒಂದೊಂದು ಕಾಯಿಲ್ ಇದ್ದರೆ, ಹೊಸದನ್ನು ಕೊಳ್ಳುವ ಮುನ್ನ ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದರದನ್ನು ಎರಡನೆಯದಕ್ಕೂ ಹಾಕಿಸಿ, ಕೋಡ್ ಅಳಿಸಿ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕೆಟ್ಟದ್ದು ಆ ಕಾಯಿಲ್. ಪಿ0302 ಆಗಿಯೇ ಉಳಿದರೆ ಪ್ಲಗ್ಗುಗಳನ್ನು ಅದೇ ರೀತಿ ಅದಲು ಬದಲು ಮಾಡಿ ನೋಡಿ. ಆಗಲೂ ಕೋಡ್ ಕದಲದಿದ್ದರೆ ಇಂಜೆಕ್ಟರ್, ಅದರ ವೈರಿಂಗ್, ಕೊನೆಗೆ ಆ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ.