ಜಾರ್ಜ್ ಜೋನ್ಸ್ ಹಾಡು: ಅಳದೆ ಹಾಡುವುದು, ನಡುವಿನ ಮಾತು, ಶ್ರುತಿ ಏರಿಸುವುದು

ಮೇಡಂ, ನೀವು ಹಾಕಿದ ರೆಕಾರ್ಡಿಂಗ್ ಪೂರ್ತಿ ಕೇಳಿದೆ. ಅಮೆರಿಕದ ಕಂಟ್ರಿ ಸಂಗೀತದ (ಅಲ್ಲಿನ ಹಳ್ಳಿಗಾಡಿನ ಶೈಲಿಯ) ಗಾಯಕ ಜಾರ್ಜ್ ಜೋನ್ಸ್ ಅವರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಎಷ್ಟು ಭಾವ ತುಂಬಿ ಹಾಡಿದರೂ ನಾಟಕದ ಥರ ಕೇಳುತ್ತದೆ ಅಂದಿದ್ದೀರಿ. ಹಾಡಿನ ನಡುವೆ ಹಾಡದೆ ಮಾತಿನಲ್ಲೇ ಹೇಳುವ ಭಾಗವನ್ನು ಬಿಟ್ಟುಬಿಡಲಾ, ಶ್ರುತಿ ಏರುವ ಕಡೆ ಕೈ ತಡವರಿಸುತ್ತದೆ ಏನು ಮಾಡಲಿ, ಇದನ್ನು ಹೆಂಗಸರು ಹಾಡಬಹುದಾ ಅಂತಲೂ ಕೇಳಿದ್ದೀರಿ. ದನಿ ಚೆನ್ನಾಗಿದೆ. ಭಾವ ಜಾಸ್ತಿ ಆಗಿದೆ, ಅಷ್ಟೇ.

ಮೊದಲು ಕೊನೆಯ ಪ್ರಶ್ನೆ. ಈ ಹಾಡು ಹೇಳುತ್ತಿರುವವನು ಪ್ರೀತಿಸಿ ಸೋತವನಲ್ಲ, ಅವನನ್ನು ಬಲ್ಲ ಇನ್ನೊಬ್ಬರು. ಸ್ನೇಹಿತನೋ, ಪಕ್ಕದ ಮನೆಯವರೋ ಗೊತ್ತಿಲ್ಲ. ಹಾಗಾಗಿ ಗಂಡಸೇ ಹಾಡಬೇಕು ಅಂತೇನಿಲ್ಲ. ‘ಹಿ’, ‘ಹರ್’ ಯಾವುದನ್ನೂ ಬದಲಾಯಿಸಬೇಡಿ.

ನಾಟಕ ಅನ್ನಿಸುವುದಕ್ಕೂ ಕಾರಣ ಇಲ್ಲೇ ಇದೆ. ಕಥೆ ಹೇಗೆ ಬಿಚ್ಚಿಕೊಳ್ಳುತ್ತದೆ ನೋಡಿ. ಸಾಯುವವರೆಗೂ ನಿನ್ನನ್ನೇ ಪ್ರೀತಿಸುತ್ತೇನೆ ಅಂತ ಅವನು ಹೇಳಿದ್ದ. ಕಾಲ ಕಳೆದರೆ ಮರೆಯುತ್ತೀಯ ಅಂದಳು ಅವಳು. ವರ್ಷಗಳು ಹೋದವು. ಗೋಡೆಯ ಮೇಲೆ ಅವಳ ಫೋಟೋ, ಹಾಸಿಗೆ ಪಕ್ಕದಲ್ಲಿ 1962ರ ತಾರೀಕಿನ ಕಾಗದಗಳು. ‘ಐ ಲವ್ ಯೂ’ ಅಂತ ಬರೆದಿರುವ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆದಿಟ್ಟಿದ್ದಾನೆ. ಆಮೇಲೆ ಹಾಡುಗಾರ ಹೇಳುತ್ತಾನೆ: ಇವತ್ತು ಅವನನ್ನು ನೋಡಲು ಹೋಗಿದ್ದೆ, ಕಣ್ಣಲ್ಲಿ ನೀರಿಲ್ಲ, ಒಳ್ಳೆ ಬಟ್ಟೆ ಹಾಕಿಕೊಂಡು ಎಲ್ಲಿಗೋ ಹೊರಟ ಹಾಗಿದ್ದ, ಎಷ್ಟೋ ವರ್ಷದ ಮೇಲೆ ಮುಖದಲ್ಲಿ ನಗು. ಇಷ್ಟಾದರೂ ಕೇಳುವವರಿಗೆ ವಿಷಯ ಗೊತ್ತಾಗುವುದಿಲ್ಲ. ಕೋರಸ್‌ನಲ್ಲಿ (ಪಲ್ಲವಿಯಲ್ಲಿ) ಬಾಗಿಲಿಗೆ ಹೂವಿನ ಹಾರ ಹಾಕಿದ್ದಾರೆ ಅಂದಾಗಲೇ ಅವನು ಸತ್ತಿದ್ದಾನೆ ಅಂತ ತಿಳಿಯುವುದು. ನೀವು ಮೊದಲ ಸಾಲಿನಲ್ಲೇ ದನಿ ನಡುಗಿಸುತ್ತೀರಿ. ಸಾವಿನ ಸುದ್ದಿ ಅಲ್ಲೇ ಸೋರಿಹೋಗುತ್ತದೆ, ಅಲ್ವಾ?

ಕೋರಸ್‌ವರೆಗೆ ಊರಿನ ಸಮಾಚಾರ ಹೇಳಿದಂತೆ ಹಾಡಿ. ಕೆಂಪು ಗೆರೆಯ ಸಾಲಂತೂ ಇನ್ನೂ ಸಪ್ಪೆಯಾಗಿರಲಿ. ‘ರೆಡ್’ ಅಂದ ಮೇಲೆ ಒಂದು ಚಿಕ್ಕ ಉಸಿರು ತೆಗೆದುಕೊಂಡು, ಮುಂದಿನದನ್ನು ಒತ್ತದೆ ಬಿಟ್ಟುಬಿಡಿ. ಆ ಗೆರೆ ಎಳೆದವನ ಗೋಳು ಆ ಸಾಲಿನಲ್ಲೇ ಇದೆ. ನಾವು ಸೇರಿಸುವಂಥದ್ದು ಏನೂ ಇಲ್ಲ.

ಸುಗಮ ಸಂಗೀತ ಕಲಿತಿದ್ದೀರಿ ಅಂತ ಕಾಣುತ್ತದೆ. ಪ್ರತಿ ಸಾಲಿನ ಕೊನೆಯಲ್ಲೂ ಸ್ವರ ಅಲುಗಿಸುತ್ತೀರಿ. ಜೋನ್ಸ್ ಕೂಡ ಸ್ವರ ಬಗ್ಗಿಸುತ್ತಾರೆ, ಆದರೆ ಬೇರೆ ಥರ. ಪದದ ಒಳಗೇ ಕೆಳಗಿನಿಂದ ಮೇಲಕ್ಕೆ ಜಾರಿ ಅಲ್ಲೇ ನಿಲ್ಲುತ್ತಾರೆ. ಅಲ್ಲದೆ ಮೂಲ ರೆಕಾರ್ಡಿಂಗ್‌ನಲ್ಲಿ ನಿರ್ಮಾಪಕ ಬಿಲ್ಲಿ ಶೆರಿಲ್ ಹಿಂದೆ ವಯಲಿನ್‌ಗಳ ಗುಂಪನ್ನೇ ಇಟ್ಟಿದ್ದಾರೆ. ಭಾರವೆಲ್ಲ ಅವು ಹೊರುತ್ತವೆ, ಹಾಡುವವರು ಆರಾಮಾಗಿ ಇರಬಹುದು. ನಿಮ್ಮ ಹತ್ತಿರ ಇರುವುದು ಒಂದು ಗಿಟಾರ್. ಆ ಖಾಲಿ ಜಾಗವನ್ನು ಗಂಟಲಿನಿಂದ ತುಂಬಿಸಲು ಹೋಗಬೇಡಿ, ಖಾಲಿಯೇ ಇರಲಿ.

ಈಗ ಆ ಮಾತಿನ ಭಾಗ. ದಯವಿಟ್ಟು ಬಿಡಬೇಡಿ. ಅವಳು ಕೊನೆಗೊಮ್ಮೆ ಅವನನ್ನು ನೋಡಲು ಬಂದಳು ಅನ್ನುವುದು ಅಲ್ಲಿ ಮಾತ್ರ ಬರುತ್ತದೆ. ಹಾಡು ಬರೆದವರು ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪಟ್‌ಮನ್. ಅವಳು ಶವಸಂಸ್ಕಾರಕ್ಕೆ ಬರಲೇಬೇಕು ಅಂತ ಹಟ ಹಿಡಿದು ಬರೆಸಿದವರು ಶೆರಿಲ್. ಅದಿಲ್ಲದಿದ್ದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಆ ನಾಲ್ಕು ಸಾಲು ಜೋನ್ಸ್ ಅವರನ್ನೇ ಸುಸ್ತು ಮಾಡಿತ್ತು. ಆಗ ಅವರ ಕುಡಿತ ವಿಪರೀತ. ಕುಡಿದಿದ್ದರೂ ಹಾಡುವಾಗ ನಾಲಿಗೆ ತೊದಲುತ್ತಿರಲಿಲ್ಲ, ಮಾತಾಡುವಾಗ ತೊದಲುತ್ತಿತ್ತು. ಮೊದಲ ಚರಣಕ್ಕೂ ಮಾತಿನ ಭಾಗಕ್ಕೂ ಮಧ್ಯೆ 18 ತಿಂಗಳು ಕಳೆದಿತ್ತು ಅಂತ ಶೆರಿಲ್ ಹೇಳಿದ್ದಾರೆ. ರಾಗವೂ ತಪ್ಪಿ, ಇನ್ನೊಬ್ಬ ಕಂಟ್ರಿ ಗಾಯಕ ಕ್ರಿಸ್ ಕ್ರಿಸ್ಟಾಫರ್ಸನ್ ಅವರ ಬೇರೊಂದು ಹಾಡಿನ ಧಾಟಿಗೆ ಹೋಗಿಬಿಡುತ್ತಿದ್ದರಂತೆ. ಅಂಥವರಿಗೇ ಹಾಗಾಗಿದೆ, ನೀವು ಬೇಜಾರು ಮಾಡಿಕೊಳ್ಳಬೇಡಿ.

ಮಾತಿಗೆ ಒಂದು ಉಪಾಯ: ಗಿಟಾರ್ ನಿಲ್ಲಿಸಬೇಡಿ. ಸ್ಟ್ರಮ್ ಬಿಟ್ಟು, ಹೆಬ್ಬೆರಳಿನಲ್ಲಿ ಬೇಸ್ ತಂತಿ ಮಾತ್ರ ಮೆಲ್ಲಗೆ ಮೀಟುತ್ತಾ ಇರಿ. ತಾಳಕ್ಕೆ ಮಾತು ಕೂರಿಸಲೂ ಹೋಗಬೇಡಿ. ಫೋನಿನಲ್ಲಿ ಯಾರಿಗೋ ಹೇಳುವಷ್ಟೇ ದನಿ ಸಾಕು. ಮೂಲದಲ್ಲಿ ಆ ಹೊತ್ತಿಗೆ ಹಿಂದಿನಿಂದ ಒಂದು ಹೆಣ್ಣುದನಿ ಎತ್ತರಕ್ಕೆ ಏಳುತ್ತದೆ. ನಿಮ್ಮ ತಂಗಿಯೂ ಹಾಡುತ್ತಾರೆ ಅಂದಿದ್ದಿರಿ, ಅವರಿಗೆ ಆ ಕೆಲಸ ಕೊಡಬಹುದು. ಪದ ಬೇಡ, ಬರೀ ಆಲಾಪ ಸಾಕು.

ಶ್ರುತಿ ವಿಷಯ. ಕೋರಸ್‌ಗೆ ಮೊದಲೇ ಅರ್ಧ ಸ್ವರ ಮೇಲೇರಬೇಕು. ನೀವು ಜಿ ಶ್ರುತಿಯಿಂದ ಶುರು ಮಾಡಿದ್ದೀರಿ, ಅದಕ್ಕೇ ಒದ್ದಾಟ. ಎ ಫ್ಲ್ಯಾಟ್‌ಗೆ ಹೋಗಲು ಕೈ ನಾಲ್ಕನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿಗೆ) ಹಾರಬೇಕಾಗುತ್ತದೆ. ಇ ಇಂದ ಶುರು ಮಾಡಿ ನೋಡಿ. ಮೊದಲ ಭಾಗಕ್ಕೆ ಇ, ಎ, ಬಿ ಸೆವೆನ್ ಕಾರ್ಡ್‌ಗಳು ಸಾಕು. ಏರಿದ ಮೇಲೆ ಎಫ್, ಬಿ ಫ್ಲ್ಯಾಟ್, ಸಿ. ಎಫ್ ಅಂದರೆ ಇ ಆಕಾರವನ್ನೇ ಒಂದು ಫ್ರೆಟ್ ಮುಂದೆ ಸರಿಸಿ ತೋರುಬೆರಳಿನಲ್ಲಿ ಬಾರ್ ಹಿಡಿಯುವುದು (ತಂತಿಗಳನ್ನು ಒಟ್ಟಿಗೆ ಒತ್ತುವುದು), ಬಿ ಫ್ಲ್ಯಾಟ್‌ಗೆ ಎ ಆಕಾರವನ್ನು ಹಾಗೇ ಸರಿಸುವುದು. ಎಫ್‌ಗೆ ಹೋಗುವ ಮೊದಲು ಒಂದು ಸುತ್ತು ಸಿ ಸೆವೆನ್ ನುಡಿಸಿ, ಕಿವಿ ತಾನೇ ಮೇಲಕ್ಕೆ ಹೋಗುತ್ತದೆ. ಬಾರ್ ಕಾರ್ಡ್ ಇನ್ನೂ ಕೂತಿಲ್ಲ ಅಂದರೆ ಏರಿಸಲೇಬೇಡಿ, ಒಂದೇ ಶ್ರುತಿಯಲ್ಲಿ ಮುಗಿಸಿ. ತಡವರಿಸಿ ಏರಿಸುವುದಕ್ಕಿಂತ ಅದು ಎಷ್ಟೋ ವಾಸಿ.

ನಿಮ್ಮ ದನಿಗೆ ಇ ತಗ್ಗಾದರೆ ಕೇಪೊ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿ, ಹಿಡಿತ ಅದೇ ಇರುತ್ತದೆ. ಎಷ್ಟನೇ ಫ್ರೆಟ್ ಅನ್ನುವುದನ್ನು ಕೋರಸ್ ಹಾಡಿ ನೋಡಿಯೇ ತೀರ್ಮಾನಿಸಿ. ಮೊದಲ ಚರಣ ತಗ್ಗಿನಲ್ಲಿರುವುದರಿಂದ ಯಾವ ಶ್ರುತಿಯಾದರೂ ಸರಿ ಅನ್ನಿಸಿಬಿಡುತ್ತದೆ, ಕೋರಸ್‌ನಲ್ಲಿ ಗಂಟಲು ಹಿಡಿಯುತ್ತದೆ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು, ನೀವು ಹಾಡಲಿರುವ ಗೆಳೆಯರ ಕೂಟಕ್ಕೆ ಇಂಥ ಸಾವಿನ ಹಾಡು ಯಾಕೆ, ಬೇರೆ ಆರಿಸಿ ಅಂದಿದ್ದಾರೆ. ಜೋನ್ಸ್ ಅವರ ಅಭಿಪ್ರಾಯವೂ ಅದೇ ಆಗಿತ್ತು ಸರ್! ಇಷ್ಟು ಗೋಳಿನ ಹಾಡನ್ನು ಯಾರೂ ಕೊಳ್ಳುವುದಿಲ್ಲ ಅಂದಿದ್ದರು. 1980ರ ಏಪ್ರಿಲ್‌ನಲ್ಲಿ ಸಿಂಗಲ್ ಬಂತು, ಜುಲೈಗೆ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ. ಆಮೇಲೆ ಗ್ರ್ಯಾಮಿಯೂ ಬಂತು. 2013ರಲ್ಲಿ ಜೋನ್ಸ್ ತೀರಿಕೊಂಡಾಗ ನ್ಯಾಶ್‌ವಿಲ್‌ನಲ್ಲಿ ಅವರ ಅಂತ್ಯಸಂಸ್ಕಾರದಲ್ಲಿ ಕಂಟ್ರಿ ಗಾಯಕ ಅಲನ್ ಜಾಕ್ಸನ್ ಹಾಡಿದ್ದು ಇದನ್ನೇ. ಕೂಟದಲ್ಲಿ ಮಾತ್ರ ಇದನ್ನೇ ಕೊನೆಯ ಹಾಡು ಮಾಡಬೇಡಿ ಮೇಡಂ. ಮಧ್ಯದಲ್ಲಿ ಹಾಡಿ, ಮುಂದಿನವರು ಏನಾದರೂ ಜೋರಾದದ್ದು ನುಡಿಸಲಿ.

ಹೊಸದಾಗಿ ರೆಕಾರ್ಡ್ ಮಾಡಿದರೆ ಕೇಪೊ ಎಷ್ಟನೇ ಫ್ರೆಟ್‌ನಲ್ಲಿ ಕೂತಿತು ಅಂತ ಬರೆಯಿರಿ. ಇಲ್ಲಿ ಇನ್ನೂ ಕೆಲವು ಹೆಣ್ಣುಮಕ್ಕಳು ಇದೇ ಹಾಡಿಗೆ ಶ್ರುತಿ ಹುಡುಕುತ್ತಿದ್ದಾರೆ.