ಓದುಗರ ಪ್ರಶ್ನೆ: ಮಕ್ಕಳ ಕೈಗೆ ಯಾವ ವಿಡಿಯೋ ಗೇಮ್?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ತೋಟದ ಮನೆ. ಮಗನಿಗೆ ಎಂಟು ವರ್ಷ, ಮಗಳಿಗೆ ಐದು. ಮಳೆಗೆ ಶಾಲೆ ರಜೆ ಕೊಟ್ಟ ದಿನಗಳಲ್ಲಿ ಇಬ್ಬರೂ ನನ್ನ ಮೊಬೈಲಿಗಾಗಿ ಜಗಳವಾಡುತ್ತಾರೆ. ಅದರ ಬದಲು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಕೊಡಿಸೋಣವೆಂದಿದ್ದೇವೆ. ಖುಷಿಯೂ ಇರಬೇಕು, ಕಲಿಕೆಯೂ ಆಗಬೇಕು. ಯಾವುದನ್ನು ಕೊಳ್ಳಬೇಕು?
– ಒಬ್ಬ ತಾಯಿ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಆಟಕ್ಕೆಂದೇ ಬೇರೆ ಸಾಧನ ಕೊಡಿಸುವ ನಿಮ್ಮ ಆಲೋಚನೆ ಸರಿಯಾಗಿದೆ. ಮೊಬೈಲಿನಲ್ಲಿ ಆಟದ ನಡುವೆ ಜಾಹೀರಾತು ನುಗ್ಗುತ್ತದೆ, ಬೆರಳು ತಗುಲಿದರೆ ಯಾವುದೋ ವಿಡಿಯೋ ತೆರೆದುಕೊಳ್ಳುತ್ತದೆ, ಹಣ ಕೊಟ್ಟರೆ ಮುಂದಿನ ಹಂತ ಎಂಬ ಆಮಿಷ ಬೇರೆ. ಆದರೆ ಸಾಧನಕ್ಕಿಂತ ಮೊದಲು ಆಟವನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಪೆಟ್ಟಿಗೆಯ ಮೇಲೆ ‘ಎಜುಕೇಷನಲ್’ ಎಂದು ಅಚ್ಚಾಗಿರುವುದನ್ನೇ ನಂಬಬೇಡಿ. ಆಟಿಕೆ ಅಂಗಡಿಗಳಲ್ಲಿ ಸಿಗುವ ‘ಲರ್ನಿಂಗ್ ಲ್ಯಾಪ್‌ಟಾಪ್’ ಮಾದರಿಯ ಸಾಧನವೊಂದನ್ನು ಮಗುವಿಗೆ ಕೊಟ್ಟು ಪಕ್ಕದಲ್ಲಿ ಕುಳಿತು ನೋಡಿ. ಏಳು ಎಂಟಲೆ ಎಷ್ಟು ಎಂದು ಅದು ಕೇಳುತ್ತದೆ; ಮಗು ತಪ್ಪು ಗುಂಡಿ ಒತ್ತಿದರೆ ಕರ್ಕಶವಾಗಿ ಸದ್ದು ಮಾಡುತ್ತದೆ; ಮಗು ಇನ್ನೊಂದನ್ನು ಒತ್ತುತ್ತದೆ, ಮತ್ತೊಂದನ್ನು ಒತ್ತುತ್ತದೆ, ಕೊನೆಗೆ 56 ಸಿಕ್ಕಾಗ ಚಪ್ಪಾಳೆಯ ಸದ್ದು ಬರುತ್ತದೆ. ಇಲ್ಲಿ ಮಗು ಮಗ್ಗಿ ಕಲಿತಿಲ್ಲ, ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುವುದನ್ನು ಕಲಿತಿದೆ. ಇದರ ಪಕ್ಕದಲ್ಲಿ ಟೆಟ್ರಿಸ್ ಆಟವನ್ನಿಟ್ಟು ನೋಡಿ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ರೂಪಿಸಿದ ಈ ಆಟವನ್ನು 1989ರಲ್ಲಿ ನಿಂಟೆಂಡೊ ಕಂಪನಿ ಅಮೆರಿಕದಲ್ಲಿ ಗೇಮ್ ಬಾಯ್ ಎಂಬ ತನ್ನ ಕೈಯಲ್ಲಿ ಹಿಡಿದು ಆಡುವ ಸಾಧನದ ಜೊತೆಗೇ ಸೇರಿಸಿ ಮಾರಿತು. ಅದರಲ್ಲಿ ಪಾಠವೆಂಬುದು ಎಲ್ಲಿಯೂ ಇಲ್ಲ. ಆದರೂ ಮೇಲಿನಿಂದ ಇಳಿಯುತ್ತಿರುವ ತುಂಡನ್ನು ಎತ್ತ ತಿರುಗಿಸಿದರೆ ಕೆಳಗಿನ ಸಂದಿಗೆ ಕೂರುತ್ತದೆ ಎಂದು ಮಗು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳುತ್ತದೆ, ಪರದೆಯ ಬದಿಯಲ್ಲಿ ಕಾಣುವ ಮುಂದಿನ ತುಂಡಿಗೂ ಜಾಗ ಉಳಿಸಿಕೊಳ್ಳುತ್ತದೆ, ತಪ್ಪಿದರೆ ಏಕೆ ತಪ್ಪಿತೆಂಬುದು ಅದರ ಕಣ್ಣೆದುರಿಗೇ ಇರುತ್ತದೆ. ತಪ್ಪಿನಿಂದ ಮಗು ಏನನ್ನಾದರೂ ತಿಳಿದುಕೊಳ್ಳುವ ಹಾಗಿದ್ದರೆ ಆ ಆಟವನ್ನು ಕಲಿಕೆಯ ಆಟವೆಂದು ಒಪ್ಪಬಹುದು. ನಮ್ಮ ಮನೆಗಳ ಚೌಕಾಬಾರ, ಹುಲಿ-ಕುರಿ ಆಟಗಳಿಗೂ ಈ ಗುಣವಿದೆಯೆಂಬುದನ್ನು ಮರೆಯಬಾರದು. ಮಳೆಯ ದಿನಕ್ಕೆ ಅವೂ ಇರಲಿ.

ಸಾಧನದ ವಿಷಯಕ್ಕೆ ಬಂದರೆ, ಮಕ್ಕಳಿಗಾಗಿ ಒಳ್ಳೆಯ ಆಟಗಳು ಹೆಚ್ಚಾಗಿ ಸಿಗುವುದು ಅದೇ ಕಂಪನಿಯ ನಿಂಟೆಂಡೊ ಸ್ವಿಚ್ ಎಂಬ ಸಾಧನದಲ್ಲಿ. 2019ರಲ್ಲಿ ಬಂದ ಸ್ವಿಚ್ ಲೈಟ್ ಹಗುರ, ಬೆಲೆಯೂ ಕಡಿಮೆ, ಆದರೆ ಟಿವಿಗೆ ಜೋಡಿಸಲು ಬರುವುದಿಲ್ಲ, ಅದರ ಗುಂಡಿಗಳ ಭಾಗವೂ ಬಿಚ್ಚಿಕೊಳ್ಳುವುದಿಲ್ಲ. ನಿಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿರುವುದರಿಂದ, ಬಜೆಟ್ ಒಪ್ಪಿದರೆ, 2017ರ ಮೂಲ ಸ್ವಿಚ್ಚನ್ನೇ ನಾನು ಸೂಚಿಸುತ್ತೇನೆ. ಅದರ ಎರಡೂ ಬದಿಯ ಹಿಡಿಕೆಗಳನ್ನು ಬಿಚ್ಚಿ ಅಣ್ಣ-ತಂಗಿ ಒಂದೊಂದು ಹಿಡಿದುಕೊಂಡು ಒಟ್ಟಿಗೆ ಆಡಬಹುದು. ಸ್ನಿಪ್ಪರ್‌ಕ್ಲಿಪ್ಸ್ ಎಂಬ ಆಟದಲ್ಲಿ ಇಬ್ಬರು ಆಟಗಾರರು ಕಾಗದದ ಗೊಂಬೆಗಳಾಗಿ ಒಬ್ಬರನ್ನೊಬ್ಬರು ಕತ್ತರಿಸಿಕೊಂಡು, ಬೇಕಾದ ಆಕಾರಕ್ಕೆ ಬಂದು, ಒಗಟನ್ನು ಬಿಡಿಸಬೇಕು. ಮಾತನಾಡಿಕೊಳ್ಳದೆ ಅದನ್ನು ಮುಗಿಸುವುದು ಕಷ್ಟ, ಹೀಗಾಗಿ ಜಗಳವಾಡುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುತ್ತಿಲ್ಲ. ಮಗ ಇನ್ನೊಂದೆರಡು ವರ್ಷ ದೊಡ್ಡವನಾದ ಮೇಲೆ, 2021ರಲ್ಲಿ ಬಂದ ಗೇಮ್ ಬಿಲ್ಡರ್ ಗ್ಯಾರೇಜ್ ಕೊಡಿಸಬಹುದು. ಅದರಲ್ಲಿ ಮಕ್ಕಳೇ ಚಿತ್ರಗಳನ್ನು ಜೋಡಿಸುವ ಮೂಲಕ ಪ್ರೋಗ್ರಾಂ ರಚಿಸಿ ತಮ್ಮ ಆಟವನ್ನು ತಾವೇ ಕಟ್ಟುತ್ತಾರೆ. ಆದರೆ ಸೂಚನೆಗಳು ಇಂಗ್ಲಿಷಿನಲ್ಲಿ ಇರುವುದರಿಂದ ಮೊದಲ ಕೆಲವು ದಿನ ದೊಡ್ಡವರು ಜೊತೆಗೆ ಕುಳಿತು ಓದಿ ಹೇಳಬೇಕಾಗುತ್ತದೆ.

ಮಲೆನಾಡಿನಲ್ಲಿ ಮಳೆ ಹಿಡಿದರೆ ನೆಟ್‌ವರ್ಕ್ ಕೈಕೊಡುವುದು ನಿಮಗೇ ಗೊತ್ತು. ಆದ್ದರಿಂದ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳುವ ಬದಲು ಕಾರ್ಟ್ರಿಡ್ಜ್ ರೂಪದಲ್ಲಿ, ಅಂದರೆ ಆಟ ತುಂಬಿರುವ ಚಿಕ್ಕ ಕಾರ್ಡಿನ ರೂಪದಲ್ಲಿ ಕೊಳ್ಳಿ. ಅವುಗಳಲ್ಲಿ ಬಹುಪಾಲು ಇಂಟರ್‌ನೆಟ್ ಇಲ್ಲದೆಯೇ ನಡೆಯುತ್ತವೆ, ಬೇಡವಾದಾಗ ಬೇರೆಯವರಿಗೆ ಕೊಡಲೂಬಹುದು. ಅವು ಅಂಚೆ ಚೀಟಿಯಷ್ಟೇ ಚಿಕ್ಕವು. ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲೆಂದು ಕಂಪನಿ ಕಹಿ ಲೇಪನ ಹಚ್ಚಿರುತ್ತದೆಯಾದರೂ ಐದು ವರ್ಷದ ಮಗಳಿರುವ ಮನೆಯಲ್ಲಿ ಡಬ್ಬಿಯಲ್ಲಿಟ್ಟು ಎತ್ತರದಲ್ಲಿಡಿ. ಪೆಟ್ಟಿಗೆಯ ಮೇಲೆ ಪೆಗಿ (ಯುರೋಪಿನ ವಯೋಮಿತಿ ಗುರುತು) 3, 7, 12 ಎಂಬ ಅಂಕಿ ಇದ್ದರೆ ಅದು ಎಷ್ಟು ವಯಸ್ಸಿನ ಮೇಲ್ಪಟ್ಟವರಿಗೆ ಆ ಆಟ ತಕ್ಕದ್ದು ಎಂಬುದನ್ನು ಹೇಳುತ್ತದೆಯೇ ಹೊರತು ಅದರ ಕಷ್ಟದ ಮಟ್ಟವನ್ನಲ್ಲ. ಪೆಗಿ 3 ಎಂದಿದ್ದರೂ ಮೂರು ವರ್ಷದ ಮಗು ಅದನ್ನು ಆಡಬಲ್ಲದು ಎಂದು ತಿಳಿಯಬೇಡಿ.

ಸಮಯದ ಬಗ್ಗೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸೂಚನೆ ಇದೆ: ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಐದರಿಂದ ಹತ್ತರವರಿಗೆ 2 ಗಂಟೆಗಿಂತ ಕಡಿಮೆ ಇರಬೇಕು. ಟಿವಿ, ಮೊಬೈಲ್ ಎಲ್ಲವೂ ಈ ಲೆಕ್ಕದೊಳಗೇ ಸೇರಬೇಕು. ಸ್ವಿಚ್‌ಗೆ ಪೋಷಕರ ನಿಯಂತ್ರಣದ ಆ್ಯಪ್ ಇದ್ದು, ದಿನದ ಮಿತಿಯನ್ನು ನಿಮ್ಮ ಫೋನಿನಿಂದಲೇ ಗೊತ್ತುಮಾಡಬಹುದು.

ಪ್ರಶ್ನೆ: ಹಾಸನಾಂಬ ಉತ್ಸವದ ಸಮಯದಲ್ಲಿ ಮಗಳು ಅಂಗಡಿಯೊಂದರಲ್ಲಿ ‘400 ಆಟಗಳು’ ಎಂದು ಬರೆದ ಚಿಕ್ಕ ವಿಡಿಯೋ ಗೇಮ್ ನೋಡಿ ಹಟ ಹಿಡಿದಳು. ಕೆಲವೇ ನೂರು ರೂಪಾಯಿ. ಕೊಡಿಸಿದರೆ ತೊಂದರೆಯೇನು?
– ಓದುಗರು, ಹಾಸನ

ಉತ್ತರ: ಕೆಲವೇ ನೂರು ರೂಪಾಯಿಯಲ್ಲಿ ಮಗುವಿನ ಆಸೆ ತೀರುವುದು ಸಣ್ಣ ಮಾತಲ್ಲ, ಹಾಗಾಗಿ ಖಡಾಖಂಡಿತವಾಗಿ ಬೇಡವೆನ್ನಲಾರೆ. ಇವುಗಳಲ್ಲಿ ಒಂದೇ ಆಟ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುವುದುಂಟು, ಆದ್ದರಿಂದ 400ರ ಲೆಕ್ಕವನ್ನು ಬದಿಗಿಡಿ. ಮುಖ್ಯವಾಗಿ ನೋಡಬೇಕಾದದ್ದು ಸುರಕ್ಷತೆ. ವಿಡಿಯೋ ಗೇಮ್ ಸಾಧನಗಳು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿವೆ. ಪೆಟ್ಟಿಗೆಯ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಲ್ಲಿಯೇ ಪರಿಶೀಲಿಸಿ. ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಬಿಗಿದಿರಬೇಕು. ಚಾರ್ಜ್‌ಗೆ ಹಾಕಿರುವಾಗ ಮಗು ಆಡಬಾರದು, ರಾತ್ರಿಯಿಡೀ ಚಾರ್ಜ್‌ಗೆ ಬಿಡಬಾರದು, ಬ್ಯಾಟರಿ ಉಬ್ಬಿದಂತೆ ಕಂಡರೆ ಆ ಕ್ಷಣವೇ ಬಳಕೆ ನಿಲ್ಲಿಸಬೇಕು. ಪರದೆ ಚಿಕ್ಕದಾದಷ್ಟೂ ಮಕ್ಕಳು ಅದನ್ನು ಮುಖದ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಳಗಿಟ್ಟು ಕಿಟಕಿಯಾಚೆ ದೂರಕ್ಕೆ ನೋಡುವ ರೂಢಿ ಮಾಡಿಸಿ.

ಪ್ರಶ್ನೆ: ಪರಿಚಯದವರೊಬ್ಬರು ತಮ್ಮ ಹಳೆಯ ನಿಂಟೆಂಡೊ 3ಡಿಎಸ್ ಎಂಬ ಮಡಚುವ ವಿಡಿಯೋ ಗೇಮ್ ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
– ಓದುಗರು, ಕಡೂರು

ಉತ್ತರ: ಜೊತೆಗೆ ಒಳ್ಳೆಯ ಕಾರ್ಟ್ರಿಡ್ಜ್‌ಗಳನ್ನೂ ಕೊಡುವುದಾದರೆ ತೆಗೆದುಕೊಳ್ಳಿ. ಆ ಸಾಧನದ ಆನ್‌ಲೈನ್ ಅಂಗಡಿಯಲ್ಲಿ ಹೊಸ ಖರೀದಿ 2023ರ ಮಾರ್ಚ್‌ನಲ್ಲೇ ನಿಂತುಹೋಗಿದೆ, ಹೀಗಾಗಿ ಕೈಯಲ್ಲಿರುವ ಆಟಗಳೇ ನಿಮಗೆ ಉಳಿಯುವುದು. ಮಡಚುವ ಕೀಲು ಸಡಿಲವಾಗಿದೆಯೇ, ಎಲ್ಲ ಗುಂಡಿಗಳೂ ಕೆಲಸ ಮಾಡುತ್ತವೆಯೇ ಎಂದು ಆಡಿಯೇ ನೋಡಿ. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಅದರ ತ್ರಿ-ಡಿ ದೃಶ್ಯವನ್ನು ನೋಡಬಾರದೆಂದು ಕಂಪನಿಯೇ ಎಚ್ಚರಿಸಿತ್ತು. ಪೋಷಕರ ನಿಯಂತ್ರಣದಲ್ಲಿ ಅದನ್ನು ಪೂರ್ತಿ ನಿಲ್ಲಿಸಿಡಬಹುದು. ಮನೆಗೆ ತರುವ ಮೊದಲು ಹಳೆಯ ಮಾಲೀಕರ ಫೋಟೊ ಮತ್ತು ಖಾತೆಯನ್ನು ಅವರ ಎದುರಿನಲ್ಲೇ ಅಳಿಸಿಸಿ, ಅವರು ಹಾಕಿದ್ದ ಪಿನ್ ಇದ್ದರೆ ಅದನ್ನೂ ತೆಗೆಸಿಕೊಳ್ಳಿ.