ಫ್ರೀಜರ್‌ನಿಂದ ತೆಗೆದ ಹಂದಿಮಾಂಸಕ್ಕೆ ನೇರವಾಗಿ ಮಸಾಲೆ ಹಚ್ಚಬಹುದೇ?

ಹಚ್ಚಬೇಡಿ, ಮೊದಲು ಪೂರ್ತಿ ಕರಗಲಿ. ಉಪ್ಪು ನೀರಿನಲ್ಲಿ ಕರಗಿದರೆ ಮಾತ್ರ ಮಾಂಸದೊಳಗೆ ಇಳಿಯುತ್ತದೆ. ಗಟ್ಟಿ ಮಂಜುಗಡ್ಡೆಯೊಳಗೆ ಅದಕ್ಕೆ ದಾರಿಯಿಲ್ಲ. ಸಾಲದ್ದಕ್ಕೆ, ಹೆಪ್ಪುಗಟ್ಟುವಾಗ ಹಿಮದ ಹರಳುಗಳು ಮಾಂಸದ ಎಳೆಗಳನ್ನು ಸೀಳಿರುತ್ತವೆ. ಹಾಗಾಗಿ ಕರಗುವಾಗ ನಸುಗೆಂಪು ನೀರು ಬಿಟ್ಟು, ಮೇಲೆ ಹಚ್ಚಿದ್ದೆಲ್ಲ ತಟ್ಟೆಗೆ ಇಳಿದುಹೋಗುತ್ತದೆ.

ಒಂದು ಕಿಲೋ ತುಂಡನ್ನು ತಟ್ಟೆಯಲ್ಲಿಟ್ಟು ಫ್ರಿಜ್‌ನ ಕೆಳಗಿನ ಅರೆಯಲ್ಲಿ ಸುಮಾರು 24 ಗಂಟೆ ಬಿಡಿ. ಅಡುಗೆಕಟ್ಟೆಯ ಮೇಲೆ ಮಾತ್ರ ಬೇಡ: ಒಳಗೆ ಇನ್ನೂ ಗಟ್ಟಿಯಿರುವಾಗಲೇ ಹೊರಗೆ ಬ್ಯಾಕ್ಟೀರಿಯಾ ಬೆಳೆಯತೊಡಗುತ್ತವೆ. ಆಮೇಲೆ ನೀರು ಚೆಲ್ಲಿ, ಟಿಶ್ಯೂ ಪೇಪರ್‌ನಿಂದ ಚೆನ್ನಾಗಿ ಒರೆಸಿ. ಬಹಳ ಜನ ಬಿಡುವುದು ಇದನ್ನೇ. ಒದ್ದೆ ಮಾಂಸಕ್ಕೆ ಮಸಾಲೆ ಅಂಟುವುದಿಲ್ಲ, ಬಾಣಲೆಯಲ್ಲಿ ಕೆಂಪಗಾಗುವ ಬದಲು ಬೇಯುತ್ತದೆ.

ಕಿಲೋಗೆ 10–12 ಗ್ರಾಂ ಉಪ್ಪು ಸಾಕು. ಸೋಯಾ ಸಾಸ್ ಇದ್ದರೆ ಇನ್ನೂ ಕಡಿಮೆ. ಹಚ್ಚಿ, ಮುಚ್ಚಿ, ಫ್ರಿಜ್‌ನಲ್ಲೇ ನೆನೆಸಿ. ಸಣ್ಣ ತುಂಡಿಗೆ 2–4 ಗಂಟೆ, ದಪ್ಪ ತುಂಡಿಗೆ ರಾತ್ರಿಯಿಡೀ. ನಿಂಬೆರಸ, ವಿನೆಗರ್ ಹೆಚ್ಚಿದ್ದರೆ 2 ಗಂಟೆ ದಾಟಿಸಬೇಡಿ, ಹೊರಪದರ ಹಿಟ್ಟುಹಿಟ್ಟಾಗುತ್ತದೆ.

ಕಾಯಲು ಪುರುಸೊತ್ತಿಲ್ಲದವರು ತಾಜಾ ಮಾಂಸಕ್ಕೇ ಮಸಾಲೆ ಕಲಸಿ ಫ್ರೀಜರ್‌ಗೆ ಇಡಬಹುದು. ಕರಗುತ್ತಲೇ ನೆನೆಯುತ್ತದೆ.